ಇಸಿಜಿ ಮಾತ್ರ ನೋಡಿ ಹೃದಯದ ಕಾಯಿಲೆಯನ್ನು ಕಂಪ್ಯೂಟರ್ ಹೇಳಬಲ್ಲದಾ? ಹಾಗಾದ್ರೆ ಆಂಜಿಯೋಗ್ರಾಂ ಬೇಡವಾ?

ಕೆಲವು ಕಾಯಿಲೆಗಳನ್ನು ಹೇಳುತ್ತದೆ. ಆಂಜಿಯೋಗ್ರಾಂ ಬೇಡ ಅನ್ನೋಷ್ಟು ಅಲ್ಲ.

ನಮ್ಮ ಕಾಸರಗೋಡಿನ ಬದಿಯಡ್ಕ ಕಡೆ ಎದೆನೋವು ಅಂದ್ರೆ ಮೊದಲು ಹತ್ತಿರದ ಕ್ಲಿನಿಕ್ಕಲ್ಲಿ ಇಸಿಜಿ, ಆಮೇಲಿನದ್ದಕ್ಕೆಲ್ಲ ಮಂಗಳೂರು. 2020ರಲ್ಲಿ ಕೊರೊನಾ ಅಂತ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಆ ದಾರಿಯೂ ಇರಲಿಲ್ಲ, ನೆನಪಿದೆ ಅಲ್ವಾ? ಅದಕ್ಕೇ ಇಸಿಜಿ ನೋಡಿ ಹೇಳುವ ಇಂಥ ಕಂಪ್ಯೂಟರ್ ನಮಗೆ ಜಾಸ್ತಿ ಬೇಕು.

ಕೈಕಾಲಿಗೆ ಕ್ಲಿಪ್, ಎದೆಗೆ ಆರು ಬಿಲ್ಲೆ, ಹೃದಯದ ವಿದ್ಯುತ್ ಮಿಡಿತದ ಹತ್ತು ಸೆಕೆಂಡಿನ ಗೆರೆ, ಅಷ್ಟೇ ಇಸಿಜಿ. ಅಮೆರಿಕದ ಮೇಯೋ ಕ್ಲಿನಿಕ್‌ನವರು ಸುಮಾರು 45 ಸಾವಿರ ಜನರ ಇಸಿಜಿಯನ್ನು ಅವರದ್ದೇ ಎಕೋ (ಹೃದಯದ ಸ್ಕ್ಯಾನಿಂಗ್) ವರದಿಯ ಜೊತೆ ಜೋಡಿಸಿ ಕಂಪ್ಯೂಟರಿಗೆ ಕಲಿಸಿದರು. ಹೃದಯ ರಕ್ತ ತಳ್ಳುವ ಶಕ್ತಿ, ಅಂದ್ರೆ ಇಎಫ್, 35 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಇದೆಯಾ ಅಂತ ಗುರುತಿಸೋದೇ ಕೆಲಸ. 2019ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಅಂಥ 100 ಜನರಲ್ಲಿ 86 ಮಂದಿಯನ್ನು ಅದು ಹಿಡಿಯಿತು. ಡಾಕ್ಟರ ಕಣ್ಣಿಗೆ ಮಾಮೂಲಿ ಅನ್ನಿಸುವ ಗೆರೆಯಲ್ಲೂ ಸುಳಿವು ಇರುತ್ತದೆ.

ಆದ್ರೆ 14 ಮಂದಿ ತಪ್ಪಿಹೋದರು. ಸರಿಯಾಗಿರೋ ಕೆಲವರಿಗೂ ಸುಮ್ನೆ ಗಾಬರಿ. ಮತ್ತೆ ರಕ್ತನಾಳ ಎಲ್ಲಿ, ಎಷ್ಟು ಕಟ್ಟಿದೆ ಅಂತ ಇದು ತೋರಿಸೋದಿಲ್ಲ, ಅದಕ್ಕೆ ಆಂಜಿಯೋಗ್ರಾಂ ಬೇಕು. ಎಕೋಗೆ ಯಾರನ್ನು ಬೇಗ ಕಳಿಸಬೇಕು ಅಂತ ಆರಿಸೋದಕ್ಕೆ ಚೆನ್ನಾಗಿದೆ. ಎದೆ ಹಿಂಡುವಾಗ ಮಾತ್ರ ಯಾವ ಆ್ಯಪನ್ನೂ ನೋಡ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.