ಯಾವ ಮಗ್ಗುಲಿಗೆ ತಿರುಗಿದ್ರೂ ನೋವು, ಮಲಗೋದು ಹೆಂಗೆ? ನಿಮ್ಮ ಪ್ರಶ್ನೆ, ಫಿಸಿಯೋ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಸೊಂಟದ ಕೀಲಿನ ನೋವು, ರಾತ್ರಿ ನಿದ್ದೆ ಇಲ್ಲ ಅನ್ನೋವೇ. ಎಲ್ರೂ "ಹೆಂಗೆ ಮಲಗ್ಲಿ" ಅಂತ ಕೇಳಿದ್ದೀರ, ಆದ್ರೆ ನೋವು ಎಲ್ಲಿದೆ ಅಂತ ಸರಿಯಾಗಿ ಬರೆದಿರೋರು ನಾಕೈದು ಜನ ಅಷ್ಟೆ. ಪಕ್ಕದ ಮೂಳೆ ಹತ್ರನಾ, ಮುಂದೆ ತೊಡೆಸಂದಿಯಲ್ಲಾ, ಹಿಂದೆ ಕುಂಡಿ ಒಳಗಾ ಅನ್ನೋದರ ಮೇಲೆ ಮಲಗೋ ರೀತಿನೇ ಬೇರೆ ಆಗುತ್ತೆ. ಅದಕ್ಕೇ ಜಾಗ ಬರೆದವರ ಪತ್ರಗಳನ್ನೇ ಆರಿಸ್ಕೊಂಡಿದ್ದೀನಿ.

ಪ್ರಶ್ನೆ: ಮೇಡಂ, ನಂಗೆ 53 ವರ್ಷ. ಬಲಗಡೆ, ಲಂಗದ ಲಾಡಿ ಕಟ್ಟೋ ಜಾಗದಿಂದ ಒಂದು ಗೇಣು ಕೆಳಗೆ ಪಕ್ಕದಲ್ಲಿ ಮೂಳೆ ಉಬ್ಬಿರುತ್ತಲ್ಲ ಅಲ್ಲೇ ನೋವು. ಹಗಲು ಹೆಂಗೋ ತಳ್ತೀನಿ, ರಾತ್ರಿ ಆ ಮಗ್ಗುಲಿಗೆ ಮಲಗೋಕೇ ಆಗಲ್ಲ. ಸರಿ ಅಂತ ಎಡಕ್ಕೆ ತಿರುಗಿದ್ರೆ ಸ್ವಲ್ಪ ಹೊತ್ತಿಗೆ ಅದೇ ಬಲಗಡೆನೇ ಹಿಡ್ಕೊಳ್ಳುತ್ತೆ, ಮೇಲಿರೋ ಕಾಲಿಗೆ ಭಾರನೇ ಬೀಳಲ್ವಲ್ಲ, ಯಾಕೆ ನೋವು? ಎಕ್ಸ್‌ರೇಲಿ ಏನೂ ಇಲ್ಲ ಅಂದ್ರು.
– ಗೃಹಿಣಿ, ದಾವಣಗೆರೆ

ಉತ್ತರ: ಅಕ್ಕಾ, ನೀವು ಬರೆದಿರೋ ರೀತಿ ನೋಡಿದ್ರೆ ಇದು ಕೀಲಿನ ಒಳಗಿನ ನೋವಲ್ಲ ಅನ್ಸುತ್ತೆ. ನೀವು ಹೇಳಿರೋ ಆ ಉಬ್ಬು ತೊಡೆಮೂಳೆಯ ಮೇಲ್ತುದಿ. ಕುಂಡಿಯ ಮಾಂಸಖಂಡಗಳ ಟೆಂಡನ್‌ಗಳು, ಅಂದ್ರೆ ಮಾಂಸಖಂಡನ ಮೂಳೆಗೆ ಕಟ್ಟಿಹಾಕೋ ಗಟ್ಟಿ ನಾರುಗಳು, ಬಂದು ಅಂಟ್ಕೊಳ್ಳೋದು ಅಲ್ಲೇ. ಮುಂಚೆ ಎಲ್ಲಾ ಇದನ್ನ ಬರ್ಸೈಟಿಸ್, ಅಂದ್ರೆ ಅಲ್ಲಿರೋ ಸಣ್ಣ ನೀರಿನ ಚೀಲದ ಊತ ಅಂತಿದ್ರು. ಈಗ ಸ್ಕ್ಯಾನ್ ಮಾಡಿ ನೋಡಿದ್ರೆ ಬಹಳಷ್ಟು ಜನಕ್ಕೆ ಟೆಂಡನ್ನೇ ಸವೆದು ದುರ್ಬಲ ಆಗಿರೋದು ಕಾಣುತ್ತೆ. ನಲವತ್ತು ದಾಟಿದ ಹೆಂಗಸರಿಗೇ ಜಾಸ್ತಿ. ಎಕ್ಸ್‌ರೇಲಿ ಮೂಳೆ ಕಾಣುತ್ತೆ, ಟೆಂಡನ್ ಕಾಣಲ್ಲ, ಹಾಗಾಗಿ "ಏನೂ ಇಲ್ಲ" ಅಂದಿದ್ದಾರೆ, ನಿಮ್ಮ ನೋವು ಸುಳ್ಳು ಅಂತ ಅಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ, ಒಳ್ಳೆ ಪ್ರಶ್ನೆ ಅದು. ಬಲಗಡೆ ಮಲಗಿದ್ರೆ ಮೂಳೆಗೂ ಹಾಸಿಗೆಗೂ ಮಧ್ಯೆ ಟೆಂಡನ್ ಸಿಕ್ಕಿ ಒತ್ತುತ್ತೆ, ಇದು ಯಾರಿಗಾದ್ರೂ ಗೊತ್ತಾಗುತ್ತೆ. ಎಡಗಡೆ ಮಲಗಿದಾಗ ಏನಾಗುತ್ತೆ ಅಂದ್ರೆ ಮೇಲಿರೋ ಬಲಮೊಣಕಾಲು ಮೆಲ್ಲಗೆ ಮುಂದಕ್ಕೆ ಜಾರಿ ಹಾಸಿಗೆ ಮುಟ್ಟುತ್ತೆ, ಆಗ ತೊಡೆ ಒಳಕ್ಕೆ ಬಾಗಿ ಆ ಟೆಂಡನ್ ರಾಟೆ ಮೇಲೆ ಹಗ್ಗ ಬಿಗಿದಂಗೆ ಮೂಳೆ ಮೇಲೆ ಬಿಗಿಯುತ್ತೆ. ಭಾರ ಇಲ್ಲದಿದ್ರೂ ಒತ್ತಡ ಇದ್ದೇ ಇರುತ್ತೆ, ಅದೂ ಗಂಟೆಗಟ್ಲೆ.

ಹಾಗಾಗಿ ಕಾಲ್ಮಧ್ಯೆ ದಿಂಬು ಬೇಕು. "ಇಟ್ಕೊಂಡ್ ನೋಡಿದೆ ಮೇಡಂ, ಪ್ರಯೋಜನ ಆಗ್ಲಿಲ್ಲ" ಅಂತ ಕ್ಲಿನಿಕ್ಕಿಗೆ ಬರೋರು ಹೇಳ್ತಾನೇ ಇರ್ತಾರೆ, ಮಲಗಿ ತೋರ್ಸಿ ಅಂದ್ರೆ ಒಂದು ಚಪ್ಪಟೆ ದಿಂಬನ್ನ ಬರೀ ಮೊಣಕಾಲ ಹತ್ರ ಸಿಕ್ಕಿಸ್ಕೊಂಡಿರ್ತಾರೆ, ಪಾದ ಕೆಳಗೆ ಜೋತಾಡ್ತಿರುತ್ತೆ. ಪಾದ ಕೆಳಗಿಳಿದ್ರೆ ತೊಡೆ ತಿರುಚ್ಕೊಳ್ಳುತ್ತೆ, ಅರ್ಧ ಕೆಲಸನೇ ಆಯ್ತು ಅಂತ. ಮೊಣಕಾಲಿಂದ ಕಣಕಾಲವರೆಗೂ ಆಸರೆ ಇರ್ಬೇಕು, ದಪ್ಪ ಎಷ್ಟು ಅಂದ್ರೆ ಮೇಲಿನ ಮೊಣಕಾಲು ಸೊಂಟದ ಮಟ್ಟದಲ್ಲೇ ನಿಲ್ಬೇಕು, ಕೆಳಗೆ ಇಳಿಜಾರು ಆಗ್ಬಾರ್ದು. ಮನೇಲಿ ಯಾರಿಗಾದ್ರೂ ಕಾಲ ಕಡೆ ನಿಂತು ನೋಡೋಕೆ ಹೇಳಿ, ನಿಮಗೆ ಅದು ಕಾಣಲ್ಲ. ಬಾಡಿ ಪಿಲ್ಲೋ ಅಂತ ದುಡ್ಡು ಸುರೀಬೇಕಿಲ್ಲ, ಹಳೇ ರಗ್ಗು ಉದ್ದಕ್ಕೆ ಬಿಗಿಯಾಗಿ ಸುತ್ತಿ ಎರಡು ಕಡೆ ದಾರ ಕಟ್ಟಿ ಮೇಲೊಂದು ಹತ್ತಿ ಪಂಚೆ ಸುತ್ತಿದ್ರೆ ಸಾಕು, ಅಂಗಡಿ ದಿಂಬಿಗಿಂತ ಇದೇ ರಾತ್ರಿಯೆಲ್ಲಾ ಕುಸೀದೆ ಇರುತ್ತೆ.

ಸೊಂಟ ಅಗಲ ಇದ್ದು ನಡು ಸಣ್ಣ ಇದ್ರೆ ನಡು ಹಾಸಿಗೆ ಕಡೆ ಜೋತು ಬೀಳುತ್ತೆ, ಅಲ್ಲಿಗೊಂದು ಟವೆಲ್ ಮಡಚಿ ಕೊಡಿ. ಅಂಗಾತ ಮಲಗೋಕೆ ಆಗೋದಾದ್ರೆ ಮೊಣಕಾಲ ಕೆಳಗೊಂದು ದಿಂಬು, ನಿಮ್ಮ ತರದ ನೋವಿಗೆ ಅದು ಒಳ್ಳೇದು. ಅಂಗಾತನೂ ಅಲ್ಲ ಮಗ್ಗುಲೂ ಅಲ್ಲ ಅನ್ನೋ ತರ ಬೆನ್ನ ಹಿಂದೆ ದಿಂಬು ಒತ್ತಿ ಅದಕ್ಕೆ ಒರಗಿ ಮಲಗೋದನ್ನೂ ಪ್ರಯತ್ನ ಮಾಡಿ, ಆಗ ಭಾರ ಮೂಳೆ ಮೇಲೆ ಬೀಳದೆ ಕುಂಡಿಯ ಮಾಂಸದ ಮೇಲೆ ಬೀಳುತ್ತೆ. ನಿದ್ದೆಗಣ್ಣಲ್ಲಿ ಬಲಕ್ಕೆ ಹೊರಳೇ ಹೊರಳ್ತೀರ, ಅದಕ್ಕೆ ಹಾಸಿಗೆ ಮೇಲೆ ದಪ್ಪ ರಜಾಯಿ ಎರಡು ಮಡಿಕೆ ಹಾಸ್ಕೊಳ್ಳಿ.

ಆದ್ರೆ ಬರೀ ರಾತ್ರಿ ಸರಿ ಮಾಡ್ಕೊಂಡು ಹಗಲೆಲ್ಲಾ ಗ್ಯಾಸ್ ಕಟ್ಟೆ ಮುಂದೆ ಒಂದೇ ಕಾಲಿಗೆ ಭಾರ ಹಾಕಿ ನಿಂತ್ರೆ, ಕಾಲ್ಮೇಲೆ ಕಾಲು ಹಾಕ್ಕೊಂಡು ಕೂತ್ರೆ, ಮೊಮ್ಮಗೂನ ಒಂದೇ ಸೊಂಟದ ಮೇಲೆ ಕೂರಿಸ್ಕೊಂಡು ಓಡಾಡಿದ್ರೆ ರಾತ್ರಿ ಮತ್ತೆ ಅಳ್ಬೇಕಾಗುತ್ತೆ. ಮೊಬೈಲಲ್ಲಿ ನೋಡಿ ಕಾಲನ್ನ ಎದೆಗೆ ಅಡ್ಡ ಎಳೆಯೋ ಸ್ಟ್ರೆಚ್ ಮಾಡ್ತಿದ್ರೆ ಸದ್ಯಕ್ಕೆ ನಿಲ್ಸಿ, ಅದೂ ಅದೇ ಟೆಂಡನ್ನನ್ನೇ ಎಳೆಯುತ್ತೆ. ಬೇಕಾಗಿರೋದು ಬಲ ಬರಿಸೋ ವ್ಯಾಯಾಮ. ಆಸ್ಟ್ರೇಲಿಯಾದಲ್ಲಿ 204 ಜನರನ್ನ ಮೂರು ಗುಂಪು ಮಾಡಿ ನಡೆಸಿದ ಒಂದು ಅಧ್ಯಯನ 2018ರಲ್ಲಿ ಬಂತು. ಎಂಟು ವಾರಕ್ಕೆ ನೋಡಿದಾಗ ವ್ಯಾಯಾಮ ಮತ್ತೆ ಈ ತರ ಕೂರೋ ನಿಲ್ಲೋ ತಿಳುವಳಿಕೆ ಕೊಟ್ಟವರು ಸ್ಟೀರಾಯ್ಡ್ ಇಂಜೆಕ್ಷನ್ ತಗೊಂಡವರಿಗಿಂತ, ಸುಮ್ನೆ ಕಾದವರಿಗಿಂತ ಚೆನ್ನಾಗಿ ಸುಧಾರಿಸಿದ್ರು. ಹತ್ತಿರದ ಫಿಸಿಯೋ ಹತ್ರ ಹೋಗಿ ಕಲೀರಿ, ಫಲ ವಾರದಲ್ಲಿ ಕಾಣಲ್ಲ, ತಿಂಗಳುಗಳ ಲೆಕ್ಕ.

ಪ್ರಶ್ನೆ: ನಮಸ್ಕಾರ್ರಿ ಮೇಡಂ. ನಮ್ಮವ್ವಗ 68 ವರ್ಷ. ಸೊಂಟದ ಕೀಲು ಬದಲಿ ಆಪರೇಷನ್ ಆಗಿ ಹದಿನೈದು ದಿನ ಆತ್ರಿ. ಅಂಗಾತ ಮಲಗ್ರಿ ಅಂದಾರ, ಆಕಿಗೆ ಮೊದಲಿಂದ್ಲೂ ಮಗ್ಗಲಾಗಿ ಮಲಗೂ ರೂಢಿ, ನಿದ್ದಿನ ಹತ್ತವಲ್ದು, ನಡುರಾತ್ರ್ಯಾಗ ಎದ್ದು ಕುಂದರ್ತಾಳ. ಮಗ್ಗಲಾ ಮಲಗಿಸಿದ್ರ ನಡೀತದೇನ್ರಿ?
– ಮಗಳು, ಹುಬ್ಬಳ್ಳಿ

ಉತ್ತರ: ತಂಗೀ, ಇದಕ್ಕೆ ನಾನು ಇಲ್ಲಿಂದ ಹೂಂ ಅನ್ನೋಕಾಗಲ್ಲಮ್ಮ, ಆಪರೇಷನ್ ಮಾಡಿದ ಡಾಕ್ಟರನ್ನ ಎರಡು ಮಾತು ಕೇಳು. ಕೀಲಿಗೆ ಹಿಂದಿನಿಂದ ಹೋಗಿದ್ದಾರಾ ಮುಂದಿನಿಂದನಾ? ಮಗ್ಗುಲಾಗಿ ಯಾವತ್ತಿಂದ ಮಲಗಬಹುದು? ಹಿಂದಿನಿಂದ ಮಾಡಿದ್ರೆ ಸಾಮಾನ್ಯವಾಗಿ ಮೊದಲ ಆರರಿಂದ ಹನ್ನೆರಡು ವಾರ ಮೂರು ಕೆಲಸ ಬೇಡ ಅಂತಾರೆ: ಸೊಂಟ 90 ಡಿಗ್ರಿಗಿಂತ ಜಾಸ್ತಿ ಬಗ್ಗಿಸೋದು, ಆ ಕಾಲನ್ನ ಇನ್ನೊಂದರ ಮೇಲೆ ದಾಟಿಸೋದು, ಪಾದ ಒಳಕ್ಕೆ ತಿರುಗಿಸೋದು. ಮೂರೂ ಒಟ್ಟಿಗೆ ಆದ್ರೆ ಹೊಸ ಕೀಲಿನ ಗುಂಡು ಅದು ಕೂರೋ ಬಟ್ಟಲಿಂದ ಜಾರಬಹುದು. ಅಂಗಾತ ಮಲಗಿದಾಗ ಕಾಲು ದಾಟದಂಗೆ ಎರಡು ತೊಡೆ ಮಧ್ಯೆ ದಿಂಬಿಟ್ಟು ಕಳಿಸಿರ್ತಾರೆ, ಅದನ್ನ ಇಟ್ಟೇ ಮಲಗಿಸು.

ಡಾಕ್ಟರ್ ಒಪ್ಪಿದ್ರೆ ಆಪರೇಷನ್ ಆಗದೇ ಇರೋ ಮಗ್ಗುಲಿಗೆ ಮಲಗಿಸಬಹುದು. ತೊಡೆಯಿಂದ ಪಾದದವರೆಗೂ ದಪ್ಪ ದಿಂಬು ಮೊದಲೇ ಇಟ್ಟು, ನೀನು ಹಿಂದೆ ನಿಂತು ಭುಜ ಸೊಂಟ ಮೊಣಕಾಲು ಎಲ್ಲಾ ಒಂದೇ ಸಲ ಹೊರಳಿಸ್ಬೇಕು, ಮೇಲ್ಭಾಗ ಮೊದಲು ಕಾಲು ಆಮೇಲೆ ಅಂತ ತಿರುಚ್ಬಾರ್ದು. ಆಪರೇಷನ್ ಆದ ಮಗ್ಗುಲಿಗೆ ಅವರು ಹೇಳೋವರೆಗೂ ಬೇಡ.

ಇನ್ನೊಂದು ವಿಷಯ, ಇದನ್ನ ಯಾರೂ ಹೇಳಿರಲ್ಲ. ರಾತ್ರಿ ಚಳಿ ಆಯ್ತು ಅಂತ ಕಾಲ ಹತ್ರ ಬಿದ್ದಿರೋ ಹೊದಿಕೆ ಎಳ್ಕೊಳ್ಳೋಕೆ ನಿದ್ದೆಗಣ್ಣಲ್ಲಿ ಎದ್ದು ಮುಂದಕ್ಕೆ ಬಗ್ತಾರೆ ನೋಡು, ಅಲ್ಲೇ 90 ಡಿಗ್ರಿ ದಾಟಿಹೋಗುತ್ತೆ. ಹೊದಿಕೆಯ ಒಂದು ತುದಿ ಕೈಗೆ ಸಿಗೋ ಹಂಗೆ ಎದೆ ಹತ್ರನೇ ಇರ್ಲಿ, ನೀರು, ಮಾತ್ರೆ, ಟಾರ್ಚ್ ಕೂಡ ಕೈಗೆಟುಕೋ ಸ್ಟೂಲ್ ಮೇಲೆ. ನೆಲದ ಹಾಸಿಗೆ ಸದ್ಯಕ್ಕೆ ಮರೆತುಬಿಡಿ, ಮಂಚದ ಮೇಲೆ ಕೂತಾಗ ಮೊಣಕಾಲು ಸೊಂಟಕ್ಕಿಂತ ಮೇಲೆ ಬರಬಾರ್ದು, ಮಂಚ ಗಿಡ್ಡ ಇದ್ರೆ ಎತ್ತರ ಮಾಡಿಸಿ. ಹಗಲಲ್ಲಿ ಜಾಸ್ತಿ ತೂಕಡಿಸೋಕೆ ಬಿಡಬೇಡ. ಇದ್ದಕ್ಕಿದ್ದಂಗೆ ಜೋರು ನೋವು ಬಂದು ಕಾಲು ಗಿಡ್ಡ ಕಂಡ್ರೆ ಅಥವಾ ಊರೋಕಾಗದಿದ್ರೆ, ಮೀನಖಂಡ ಊದಿ ನೋಯ್ತಿದ್ರೆ, ಉಸಿರು ಕಟ್ಟಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡ, ಆಗಿಂದಾಗ್ಲೇ ಆಸ್ಪತ್ರೆ.

ಪ್ರಶ್ನೆ: ನಾನು ಅಡಿಕೆ ತೋಟದವನು, 61 ವರ್ಷ. ಎಡ ತೊಡೆಸಂದಿಯಲ್ಲಿ ನೋವು, ಒಮ್ಮೊಮ್ಮೆ ಮೊಣಕಾಲಿಗೂ ಬರ್ತದೆ. ಚಕ್ಕಳಮಕ್ಕಳ ಹಾಕಿ ಕೂರೋದು, ಕಾಲಿನ ಉಗುರು ತೆಗೆಯೋದು ಕಷ್ಟ. ಕೀಲು ಸವೆದಿದೆ ಅಂದ್ರು. ಮೊಣಕಾಲ ಕೆಳಗೆ ದಿಂಬು ಕೊಟ್ಟು ಮಲಗಿದ್ರೆ ಹಾಯೆನಿಸ್ತದೆ, ದಿನಾ ಹಂಗೇ ಮಲಗಬಹುದಾ?
– ತೀರ್ಥಹಳ್ಳಿ

ಉತ್ತರ: ನೋವು ಜೋರಾಗಿರೋ ದಿನ ಧಾರಾಳವಾಗಿ ಇಟ್ಕೊಳ್ಳಿ. ದಿನಾ ಇಡೀ ರಾತ್ರಿ ಅಂದ್ರೆ ನಾನು ಬೇಡ ಅಂತೀನಿ. ಸವೆದ ಕೀಲು ಬಗ್ಗಿದ ಸ್ಥಿತಿಯಲ್ಲೇ ಹಾಯಾಗಿರುತ್ತೆ, ಹಾಯಾಗಿದೆ ಅಂತ ಹಂಗೇ ಬಿಟ್ರೆ ಅದು ಅಲ್ಲೇ ಸೆಟೆದು ಕೂರುತ್ತೆ, ಆಮೇಲೆ ನೆಟ್ಟಗೆ ನಿಲ್ಲೋಕೆ ಆಗದೆ ಮುಂದಕ್ಕೆ ಬಾಗಿ ನಡೆಯೋ ಪರಿಸ್ಥಿತಿ ಬರುತ್ತೆ. ದಿಂಬಿಟ್ಟು ಮಲಗಿದ್ರೂ ಹಗಲಲ್ಲಿ ಸ್ವಲ್ಪ ಹೊತ್ತು ಬೋರಲು ಮಲಗಿ, ಅದಾಗದಿದ್ರೆ ಗಟ್ಟಿ ಹಾಸಿಗೆ ಮೇಲೆ ಕಾಲು ಚಾಚಿ ನೆಟ್ಟಗೆ ಅಂಗಾತ. ರಾತ್ರಿ ಬಲಮಗ್ಗುಲಿಗೆ ಮಲಗಿ, ಕಾಲ್ಮಧ್ಯೆ ದಿಂಬು, ಮೇಲೆ ದಾವಣಗೆರೆ ಅಕ್ಕನಿಗೆ ಹೇಳಿದ ಲೆಕ್ಕದಲ್ಲೇ. ಊರುಗೋಲು ಹಿಡಿಯೋದಾದ್ರೆ ಬಲಗೈಯಲ್ಲಿ, ನೋವಿರೋ ಕಡೆ ಅಲ್ಲ. ಬೆಳಿಗ್ಗೆ ಬಲಮಗ್ಗುಲಲ್ಲೇ ಏಳಬೇಕು ಅಂತ ಹಿರಿಯರು ಹೇಳ್ತಾರಲ್ಲ, ನಿಮ್ಮ ಪುಣ್ಯಕ್ಕೆ ನೋವು ಎಡಗಡೆ ಇದೆ, ಬಲಕ್ಕೆ ನೋವಿರೋರು ಶಾಸ್ತ್ರ ಬಿಟ್ಟು ಎಡಕ್ಕೇ ಏಳಲಿ.

ಇದೇ ತೊಡೆಸಂದಿ ನೋವು ಮೂವತ್ತು ನಲವತ್ತರ ವಯಸ್ಸಿನವರಿಗೆ ಬಂದು, ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ರೆ ಅಥವಾ ಕುಡಿತ ಜಾಸ್ತಿ ಇದ್ರೆ ದಿಂಬು ಹುಡುಕ್ತಾ ಕೂರಬೇಡಿ. ರಕ್ತ ಹೋಗದೆ ತೊಡೆಮೂಳೆಯ ಗುಂಡು ಸಾಯೋ ಕಾಯಿಲೆ ಇರಬಹುದು, ಶುರುವಲ್ಲಿ ಎಕ್ಸ್‌ರೇಲಿ ಸಿಗಲ್ಲ, ಎಂಆರ್‌ಐಲಿ ಸಿಗುತ್ತೆ.

ಪ್ರಶ್ನೆ: 29 ವರ್ಷ, ಐಟಿ ಕೆಲಸ. ಕುಂಡಿ ಒಳಗೆ ಆಳದಲ್ಲಿ ನೋವು, ಕೆಲವು ದಿನ ಎಡಕ್ಕೆ ಕೆಲವು ದಿನ ಬಲಕ್ಕೆ. ಬೆಳಗಿನ ಜಾವ ಎಚ್ಚರ ಆಗುತ್ತೆ, ಎದ್ದು ಹಾಲಲ್ಲಿ ಓಡಾಡಿದ್ರೆ ಕಮ್ಮಿ ಆಗುತ್ತೆ. ಆರು ತಿಂಗಳಾಯ್ತು, ಹಾಸಿಗೆ ಬದಲಾಯಿಸಿದೆ, ಚೇರ್ ಬದಲಾಯಿಸಿದೆ.
– ಬೆಂಗಳೂರು

ಉತ್ತರ: ಇನ್ನೇನೂ ಬದಲಾಯಿಸಬೇಡಿ, ರುಮಟಾಲಜಿಸ್ಟ್, ಅಂದ್ರೆ ಕೀಲುವಾತದ ಡಾಕ್ಟರ್ ಹತ್ರ ಹೋಗಿ. ಚಿಕ್ಕ ವಯಸ್ಸು, ಮೂರು ತಿಂಗಳಿಗಿಂತ ಜಾಸ್ತಿ ನೋವು, ವಿಶ್ರಾಂತಿಲಿ ಜಾಸ್ತಿ ಆಗಿ ಓಡಾಡಿದ್ರೆ ಕಮ್ಮಿ ಆಗೋದು, ರಾತ್ರಿಯ ಎರಡನೇ ಅರ್ಧದಲ್ಲಿ ಎಚ್ಚರ, ಎಡ ಬಲ ಬದಲಾಗೋದು, ಇದೆಲ್ಲಾ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಗುಂಪಿನ ಉರಿಯೂತದ ವಾತದ ಕಡೆ ಕೈ ತೋರಿಸುತ್ತೆ. ಅದೇ ಅಂತ ನಾನು ಹೇಳ್ತಿಲ್ಲ, ನೋಡಿಸಲೇಬೇಕು ಅಂತಿದ್ದೀನಿ. ಈ ವಾತದ ಸುಳಿವು ಹುಡುಕೋ ಎಚ್‌ಎಲ್‌ಎ ಬಿ27 ರಕ್ತಪರೀಕ್ಷೆ, ಬೇಕಾದ್ರೆ ಸ್ಯಾಕ್ರೋಇಲಿಯಾಕ್ (ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರೋ) ಕೀಲಿನ ಎಂಆರ್‌ಐ ಬರೆದುಕೊಡ್ತಾರೆ. ಮಲಗೋದಂತೂ ಸಪಾಟು ಹಾಸಿಗೆ, ತಲೆಗೆ ತೆಳು ದಿಂಬು, ಕೊಕ್ಕರೆ ತರ ಮುದುಡಿಕೊಂಡು ಬೇಡ.

ಪ್ರಶ್ನೆ: ಎಂಟು ತಿಂಗಳ ಬಸುರಿ. ಎಡಮಗ್ಗುಲಲ್ಲೇ ಮಲಗು ಅಂತ ಅತ್ತೆ ಬಿಡ್ತಿಲ್ಲ, ಆ ಕಡೆ ಸೊಂಟ ಜೋಮು ಹಿಡಿದು ನೋಯುತ್ತೆ.
– ಮಂಡ್ಯ

ಉತ್ತರ: ನಿಮ್ಮತ್ತೆಗೆ ಈ ಪುಟ ತೋರ್ಸಿ. ಕೊನೆ ಮೂರು ತಿಂಗಳು ಅಂಗಾತ ಬೇಡ, ಮಗ್ಗುಲಿಗೆ ಮಲಗ್ಬೇಕು ಅನ್ನೋದು ಸರಿ, ಆದ್ರೆ ಬಲಮಗ್ಗುಲೂ ಆಗುತ್ತೆ. ಎಚ್ಚರ ಆದಾಗೆಲ್ಲಾ ಬದಲಿಸಿ. ಹೊಟ್ಟೆ ಕೆಳಗೊಂದು ಸಣ್ಣ ದಿಂಬು, ಕಾಲ್ಮಧ್ಯೆ ಒಂದು, ಹೊರಳುವಾಗ ಎರಡು ಮೊಣಕಾಲು ಜೋಡಿಸ್ಕೊಂಡೇ ಹೊರಳಿ.

ಪ್ರಶ್ನೆ: ಯಾವ ಕಂಪನಿ ಹಾಸಿಗೆ ತಗೋಬೇಕು ಹೇಳಿ ಮೇಡಂ.
– ತುಮಕೂರು, ಮೈಸೂರು, ಇನ್ನೂ ಹಲವರು

ಉತ್ತರ: ಕಂಪನಿ ಹೆಸರು ಹೇಳಲ್ಲ. ಕಲ್ಲಿನ ತರ ಗಟ್ಟಿ ಇದ್ರೆ ಪಕ್ಕದ ಮೂಳೆ ಒತ್ತುತ್ತೆ, ಮೆತ್ತಗಿದ್ರೆ ಸೊಂಟ ಒಳಗಿಳಿದು ಹೊರಳೋಕೂ ಆಗಲ್ಲ, ಮಧ್ಯಮ ಇರ್ಲಿ. ಈಗಿರೋದು ಗಟ್ಟಿ ನಾರಿನ ಹಾಸಿಗೆ ಆದ್ರೆ ಎಸೀಬೇಡಿ, ಮೇಲೊಂದು ಹತ್ತಿ ಹಾಸಿಗೆನೋ ದಪ್ಪ ಕೌದಿನೋ ಹಾಸಿ ಒಂದಷ್ಟು ದಿನ ನೋಡಿ. ಹೊಸದೇ ಬೇಕು ಅಂದ್ರೆ ಅಂಗಡೀಲಿ ಬರೀ ಕೈಯಲ್ಲಿ ಒತ್ತಿ ನೋಡಿ ದುಡ್ಡು ಕೊಡಬೇಡಿ, ಚಪ್ಪಲಿ ಬಿಚ್ಚಿ, ಕಾಲ್ಮಧ್ಯೆ ದಿಂಬಿಟ್ಟು, ನೀವು ದಿನಾ ಮಲಗೋ ಮಗ್ಗುಲಿಗೇ ಹದಿನೈದು ನಿಮಿಷ ಮಲಗಿ ನೋಡಿ, ಅಂಗಡಿಯವ್ರು ಮುಖ ಸಿಂಡರಿಸಿದ್ರೆ ಸಿಂಡರಿಸಲಿ.