ರಕ್ತ ಏರಿಸುವ ಮುಂಚೆ ಆರ್‌ಎಲ್ ಬಾಟಲಿ ಯಾಕೆ ತೆಗೆಯುತ್ತಾರೆ?

ಕರಿಮೆಣಸು ಕುಯ್ಯುವಾಗ ಏಣಿಯಿಂದ ಬಿದ್ದ ನಿಮ್ಮ ಭಾವನಿಗೆ ರಕ್ತ ಏರಿಸುವ ಮುಂಚೆ ಸಿಸ್ಟರ್ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್) ಬಾಟಲಿ ತೆಗೆದು ನಾರ್ಮಲ್ ಸಲೈನ್ ಹಾಕಿದರು, ಎರಡೂ ಉಪ್ಪುನೀರೇ ತಾನೆ ಎಂದು ಗೋಣಿಕೊಪ್ಪದಿಂದ ಕೇಳಿದ್ದೀರಿ. ಸಿಸ್ಟರ್ ಮಾಡಿದ್ದು ಸರಿ. ಆರ್‌ಎಲ್‌ನಲ್ಲಿ ಕ್ಯಾಲ್ಸಿಯಂ ಇದೆ, ಸಲೈನ್‌ನಲ್ಲಿ ಇಲ್ಲ.

350 ಮಿ.ಲೀ. ರಕ್ತದ ಚೀಲದಲ್ಲಿ ಮೊದಲೇ ರಕ್ತ ಹೆಪ್ಪುಗಟ್ಟದಂತೆ ಕಾಪಾಡುವ 49 ಮಿ.ಲೀ. ಸಿಪಿಡಿಎ ದ್ರಾವಣ ಇರುತ್ತದೆ, 450ರ ಚೀಲದಲ್ಲಿ 63. ಅದರಲ್ಲಿರುವ ಸಿಟ್ರೇಟ್ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಬಿಡಿ ಕ್ಯಾಲ್ಸಿಯಂ ಸಿಗದೆ ರಕ್ತ ಹೆಪ್ಪುಗಟ್ಟುವುದಿಲ್ಲ. ಆರ್‌ಎಲ್‌ನಲ್ಲಿ ಲೀಟರಿಗೆ ಸುಮಾರು 1.5ರಿಂದ 2 ಮಿಲಿಮೋಲ್ ಕ್ಯಾಲ್ಸಿಯಂ ಇರುತ್ತದೆ. ಎರಡೂ ಒಂದೇ ಕೊಳವೆಯಲ್ಲಿ ಸೇರಿ ಸಿಟ್ರೇಟ್‌ನ ಶಕ್ತಿ ಮೀರಿದರೆ, ಅಲ್ಲೇ ಹೆಪ್ಪು ಶುರುವಾಗುತ್ತದೆ. ವೇಗವಾಗಿ ಓಡಿಸಿದರೆ ಗಡ್ಡೆ ಕಟ್ಟುವುದಿಲ್ಲ ಎಂದು ತೋರಿಸಿದ ಪ್ರಯೋಗಗಳೂ ಇವೆ, ನಿಜ. ಆದರೆ ವಾರ್ಡಿನಲ್ಲಿ ಚೀಲ ಎರಡು ಮೂರು ಗಂಟೆ ನಿಧಾನಕ್ಕೆ ಇಳಿಯುತ್ತದೆ. ಸಲೈನ್ ಕೈಗೆ ಸಿಗುವಾಗ ಆ ಅಪಾಯ ಯಾಕೆ ಬೇಕು? ಹೀಮ್ಯಾಕ್ಸೆಲ್ ಎಂಬ ಜೆಲಟಿನ್ ಡ್ರಿಪ್‌ನಲ್ಲಂತೂ ಲೀಟರಿಗೆ 6.25 ಮಿಲಿಮೋಲ್ ಕ್ಯಾಲ್ಸಿಯಂ ಇದೆ, ಅದನ್ನು ರಕ್ತದ ಕೊಳವೆಯ ಹತ್ತಿರವೂ ತರಬಾರದು.

ನಮ್ಮ ಕಡೆ ಯಾವ ಡ್ರಿಪ್ ಹಾಕಿದರೂ ‘ಗ್ಲೂಕೋಸ್’ ಅನ್ನುತ್ತೇವೆ. ನಿಜವಾದ 5% ಡೆಕ್ಸ್‌ಟ್ರೋಸ್ ಬೇರೆ ಥರ ಕೆಡಿಸುತ್ತದೆ: ಕೆಂಪು ಕಣಗಳು ಒಂದಕ್ಕೊಂದು ಅಂಟಿ, ನೀರು ಹೀರಿ ಉಬ್ಬಿ ಒಡೆಯುತ್ತವೆ.

ಕ್ರಮ ಹೀಗೆ. ಆರ್‌ಎಲ್ ಕ್ಲ್ಯಾಂಪ್ ಮುಚ್ಚಿ ಅದರ ಸೆಟ್ (ಕೊಳವೆ) ಪೂರ್ತಿ ತೆಗೆಯಬೇಕು, ಬಾಟಲಿ ಮಾತ್ರ ಬದಲಿಸಿದರೆ ಕೊಳವೆಯಲ್ಲಿ ಆರ್‌ಎಲ್ ಉಳಿದಿರುತ್ತದೆ. ಕ್ಯಾನ್ಯುಲಾವನ್ನು (ರಕ್ತನಾಳಕ್ಕೆ ಚುಚ್ಚಿಟ್ಟ ಸಣ್ಣ ನಳಿಕೆ) ಸಲೈನ್‌ನಿಂದ ತೊಳೆದು, 170–200 ಮೈಕ್ರಾನ್ ಜಾಲರಿ ಇರುವ ಹೊಸ ಬಿಟಿ ಸೆಟ್ (ರಕ್ತ ಏರಿಸುವ ಕೊಳವೆ) ಹಾಕಬೇಕು. ಮೊದಲ 15 ನಿಮಿಷ ನಿಧಾನ. ಚೀಲ 4 ಗಂಟೆಯೊಳಗೆ ಮುಗಿಯಬೇಕು. ಆರ್‌ಎಲ್ ಬೇಕೇ ಬೇಕೆಂದರೆ ಇನ್ನೊಂದು ಕೈಯಲ್ಲಿ ಬೇರೆ ಕ್ಯಾನ್ಯುಲಾ.

ಹನಿ ನಿಧಾನವಾಗುತ್ತಾ ಬಂದು, ಚೇಂಬರಿನ ಜಾಲರಿಗೆ ಕಪ್ಪುಗೆಂಪು ಲೋಳೆ ಎಳೆಗಳು ಅಂಟಿದ್ದು ಕಂಡರೆ ಗಡ್ಡೆ ಕಟ್ಟಿದೆ ಎಂದೇ ಲೆಕ್ಕ. ಸಿರಿಂಜಿನಿಂದ ಒತ್ತಡ ಕೊಟ್ಟು ತಳ್ಳಬಾರದು, ಗಡ್ಡೆ ನೇರ ರಕ್ತನಾಳಕ್ಕೆ ಹೋಗುತ್ತದೆ. ನಿಲ್ಲಿಸಿ ಸಿಸ್ಟರನ್ನು ಕರೆಯಿರಿ.

ಮಡಿಕೇರಿಯಿಂದ ರಕ್ತದ ಚೀಲ ತರುವವರಿಗೂ ಒಂದು ಮಾತು. ರಕ್ತದ ಚೀಲಕ್ಕೆ ಐಸ್ ನೇರ ತಾಗಬಾರದು. ಮಳೆಗಾಲದ ಚಳಿ ಎಂದು ಚೀಲವನ್ನು ಬಿಸಿನೀರಿಗೆ ಇಳಿಸಲೂಬಾರದು. ಎರಡರಲ್ಲೂ ಕಣ ಒಡೆಯುತ್ತವೆ.

ನಿಮ್ಮ ಭಾವನಂಥ ದೊಡ್ಡ ಗಾಯದಲ್ಲಿ ನನಗೆ ಹೆಚ್ಚು ಚಿಂತೆ ಕೊಳವೆಯ ಗಡ್ಡೆಯದ್ದಲ್ಲ, ಅದರ ತದ್ವಿರುದ್ಧದ್ದು. ಲೀಟರುಗಟ್ಟಲೆ ಆರ್‌ಎಲ್, ಸಲೈನ್ ಹೋದರೆ ದೇಹದಲ್ಲಿ ಹೆಪ್ಪುಗಟ್ಟಿಸುವ ಅಂಶಗಳು ತೆಳುವಾಗುತ್ತವೆ. ಸಂಗ್ರಹಿಸಿದ ರಕ್ತದಲ್ಲಿ ಕೆಲಸ ಮಾಡುವ ಪ್ಲೇಟ್‌ಲೆಟ್ (ಹೆಪ್ಪುಗಟ್ಟಲು ನೆರವಾಗುವ ಕಣ) ಇರುವುದಿಲ್ಲ. ಅದಕ್ಕೇ ಹೆಚ್ಚು ಚೀಲ ಕೊಡುವಾಗ ಪ್ಲಾಸ್ಮಾ, ಪ್ಲೇಟ್‌ಲೆಟ್ ಜೊತೆಗೆ ಕೊಡುತ್ತಾರೆ. ಬೇಗ ಬೇಗ ಚೀಲ ಹೋದಾಗ ಸಿಟ್ರೇಟ್ ರೋಗಿಯ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ, ತುಟಿಯ ಸುತ್ತ ಜುಮುಜುಮು ಅನ್ನಿಸುತ್ತದೆ. ಆಗ ಕೊಡುವ ಕ್ಯಾಲ್ಸಿಯಂ ಗ್ಲೂಕೊನೇಟ್ ಕೂಡ ಬೇರೆ ಕ್ಯಾನ್ಯುಲಾದಿಂದಲೇ ಹೋಗಬೇಕು, ರಕ್ತದ ಕೊಳವೆಯಿಂದ ಅಲ್ಲ.