ಸಾಂಬಾರಿಗೆ ಗುಟ್ಟಾಗಿ ಪುಡಿ ಹಾಕಬೇಡಿ

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಗಂಡ ಅಡಿಕೆ ತೋಟಕ್ಕೆ ಮದ್ದು ಬಿಡುವ, ಕೊಯ್ಯುವ ಕೆಲಸಕ್ಕೆ ಹೋಗುತ್ತಾರೆ. ಹತ್ತು ಹನ್ನೆರಡು ವರ್ಷಗಳಿಂದ ದಿನಾ ಕುಡಿತ. ಈಗೀಗ ಬೆಳಗ್ಗೆ ಏಳುವಾಗಲೇ ಕೈ ನಡುಗುತ್ತದೆ, ಸ್ವಲ್ಪ ಹಾಕಿದರೆ ನಿಲ್ಲುತ್ತದೆ. ಊಟ ಸೇರುವುದಿಲ್ಲ. ವಾಟ್ಸಾಪಿನಲ್ಲಿ ಒಂದು ಗಿಡಮೂಲಿಕೆ ಪುಡಿಯ ಜಾಹೀರಾತು ಬಂತು. ಗೊತ್ತಾಗದ ಹಾಗೆ ಸಾಂಬಾರಿಗೆ ಹಾಕಿದರೆ ತಿಂಗಳೊಳಗೆ ಕುಡಿತ ಬಿಡುತ್ತಾರಂತೆ. ನಾದಿನಿ ಹಾಗಲಕಾಯಿ ರಸ ಕೊಡಿ ಎನ್ನುತ್ತಾಳೆ. ಯಾವುದು ಒಳ್ಳೆಯದು? ಊಟದಲ್ಲೇ ಸರಿಮಾಡಲು ಆಗುತ್ತದಾ?

ಉತ್ತರ: ಅಕ್ಕಾ, ಮೊದಲು ಆ ಪುಡಿಯ ವಿಷಯ ಮುಗಿಸೋಣ. ತರಿಸಬೇಡಿ. ತರಿಸಿ ಆಗಿದ್ದರೆ ಹಾಕಬೇಡಿ. ಅದರೊಳಗೆ ಏನಿದೆ ಎಂದು ಮಾರುವವರು ಹೇಳುವುದಿಲ್ಲ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ. ಅದನ್ನು ತೆಗೆದುಕೊಂಡ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿದು ಕೆಲವೊಮ್ಮೆ ಜೀವಕ್ಕೇ ಬರುತ್ತದೆ. ಅದಕ್ಕೇ ಅದನ್ನು ಕುಡಿಯುವವರಿಗೆ ಹೇಳದೆ ಕೊಡಬಾರದು. ಹೆಸರಿಲ್ಲದ ಪುಡಿಯಲ್ಲಿ ಅಂಥದ್ದೇನಾದರೂ ಸೇರಿದ್ದರೆ, ಆಸ್ಪತ್ರೆಯಲ್ಲಿ "ಏನು ಕೊಟ್ಟಿದ್ದೀರಿ?" ಎಂದು ಕೇಳುವಾಗ ಏನು ಹೇಳುತ್ತೀರಿ? ಬರೀ ಬೇರು ಸೊಪ್ಪಿನದ್ದೇ ಆದರೂ, ಮೊದಲೇ ಬಳಲಿದ ಲಿವರಿಗೆ ಅದು ತಾಗಬಹುದು. ಕಾಸರಗೋಡಿಗೆ ಹೆಸರು ಬಂದದ್ದೇ ಕಾಸರಕನ ಮರದಿಂದ ಎನ್ನುವವರಿದ್ದಾರಲ್ಲ, ಅದರ ಬೀಜದಲ್ಲಿ ಸ್ಟ್ರಿಕ್ನಿನ್ ಎಂಬ ವಿಷ ಇದೆ. ಅದೂ ಪ್ರಕೃತಿಯದ್ದೇ! ಮತ್ತೆ, ಗುಟ್ಟು ಬಯಲಾದ ದಿನ ಅವರು ನಿಮ್ಮ ಕೈಯೂಟ ಬಿಡುತ್ತಾರೆ. "ಮದ್ದು ಹಾಕಿದ್ದಾಳೆ" ಎಂಬ ಮಾತು ನಮ್ಮ ಕಡೆ ಎಷ್ಟು ಬೇಗ ಊರು ಸುತ್ತುತ್ತದೆ ಅಂತ ನಿಮಗೆ ಗೊತ್ತೇ ಇದೆ.

ಆದರೆ ನಿಮ್ಮ ಪತ್ರ ಓದುವಾಗ ನನಗೆ ಜಾಸ್ತಿ ಹೆದರಿಕೆ ಆದದ್ದು ಆ ಕೈನಡುಕದ ಸಾಲಿಗೆ. ಇಷ್ಟು ವರ್ಷದಲ್ಲಿ ಮಿದುಳು ಮದ್ಯಕ್ಕೆ ಹೊಂದಿಕೊಂಡು ಕೂತಿದೆ, ರಾತ್ರಿ ಕಳೆದು ಅದು ಇಳಿದ ಕೂಡಲೇ ಮೈ ಗಲಾಟೆ ಶುರುಮಾಡುತ್ತದೆ. ಇಂಥವರು ಯಾವುದೋ ದೇವರ ಮೇಲೆ ಆಣೆ ಹಾಕಿ ಒಂದೇ ದಿನದಲ್ಲಿ ನಿಲ್ಲಿಸಿ ಮನೆಯಲ್ಲಿ ಮಲಗಿದರೆ, ಮೊದಲ 48 ಗಂಟೆಯೊಳಗೆ ಅಪಸ್ಮಾರದ ಹಾಗೆ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಇಲ್ಲದ್ದು ಕಾಣುವುದು, ಜ್ವರ, ಯಾರೆಂದು ಗುರುತು ಸಿಗದ ಹಾಗೆ ಬಡಬಡಿಸುವುದು ಶುರುವಾಗಬಹುದು. ಅದನ್ನು ನೋಡಿ ದೆವ್ವ ಹಿಡಿಯಿತು ಎಂದು ನೂಲು ಕಟ್ಟಿಸಲು ಹೋಗುವವರಿದ್ದಾರೆ. ಅದು ಆಸ್ಪತ್ರೆಗೆ ಓಡಬೇಕಾದ ಹೊತ್ತು. ಹಾಗಾಗಿ "ಇವತ್ತಿನಿಂದಲೇ ಬಿಡಿ" ಎಂದು ಹಟ ಮಾಡಬೇಡಿ. ವೈದ್ಯರು ಕೆಲವು ದಿನ ಮಾತ್ರೆ ಕೊಟ್ಟು, ಅದನ್ನು ಮೆಲ್ಲ ಮೆಲ್ಲ ಇಳಿಸುತ್ತಾ ಬಿಡಿಸುತ್ತಾರೆ. ಮದ್ಯವರ್ಜನ ಶಿಬಿರಕ್ಕೆ ಕಳಿಸುವುದಾದರೂ ಮೊದಲು ವೈದ್ಯರಿಗೆ ತೋರಿಸಿ. ಮತ್ತೊಂದು, ಈ ನಡುಕದಲ್ಲಿ ಅವರು ಮರ ಹತ್ತಲೇಬಾರದು. ಎರಡು ವಾರದ ಕೂಲಿ ಹೋದರೆ ಹೋಗಲಿ.

ಈಗ ಊಟಕ್ಕೆ ಬರೋಣ. ಊಟದಿಂದ ಚಟ ಬಿಡುವುದಿಲ್ಲ. ಆದರೆ ಊಟ ಇಲ್ಲದೆ ಬಿಟ್ಟವರು ನಿಲ್ಲುವುದೂ ಕಷ್ಟ. ದಿನಾ ಕುಡಿಯುವವರಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್ ಖಾಲಿಯಾಗುತ್ತಾ ಬರುತ್ತದೆ. ಉಣ್ಣುವುದು ಕಡಿಮೆ, ಉಂಡದ್ದರಿಂದ ಕರುಳು ಹೀರಿಕೊಳ್ಳುವುದೂ ಕಡಿಮೆ. ಅದು ತೀರಾ ಇಳಿದರೆ ನಡೆಯುವಾಗ ವಾಲುವುದು, ಕಣ್ಣುಗುಡ್ಡೆ ಹೊರಳದಿರುವುದು, ಮರೆವು. ಕುಡಿದದ್ದರಿಂದಲೇ ವಾಲುತ್ತಿದ್ದಾರೆ ಎಂದು ಮನೆಯವರು ಸುಮ್ನೆ ಇದ್ದುಬಿಡುತ್ತಾರೆ. ಕೈ ಮೀರಿದ ಮೇಲೆ ಹೋದ ನೆನಪಿನ ಶಕ್ತಿ ಪೂರ್ತಿ ವಾಪಸ್ ಬರುವುದಿಲ್ಲ. ಅದಕ್ಕೇ ಆಸ್ಪತ್ರೆಯಲ್ಲಿ ಬಿ1 ಇಂಜೆಕ್ಷನ್ನನ್ನೇ ಕೊಡುತ್ತಾರೆ, ಅದೂ ಗ್ಲೂಕೋಸ್ ಹಾಕುವ ಮೊದಲು ಅಥವಾ ಜೊತೆಗೇ. ಈ ಮಟ್ಟದ ಕೊರತೆ ಅಡುಗೆಮನೆಯಲ್ಲಿ ತುಂಬಿಸುವಂಥದ್ದಲ್ಲ.

ಆಮೇಲಿನದ್ದು ನಿಮ್ಮ ಕೈಯಲ್ಲಿದೆ. ನಮ್ಮ ಕುಚ್ಚಲಕ್ಕಿ ಗಂಜಿ ಇದಕ್ಕೆ ಹೇಳಿ ಮಾಡಿಸಿದ್ದು. ಭತ್ತವನ್ನು ಕುಚ್ಚುವಾಗ ತೌಡಿನಲ್ಲಿರುವ ಬಿ1 ಅಕ್ಕಿಯ ಒಳಗೆ ಇಳಿಯುತ್ತದೆ, ಮಿಲ್ಲಿಗೆ ಹಾಕಿದರೂ ಬೆಳ್ತಿಗೆ ಅಕ್ಕಿಯಲ್ಲಿ ಹೋದಷ್ಟು ಹೋಗುವುದಿಲ್ಲ. ತಿಳಿ ಬಸಿದು ಚೆಲ್ಲಬೇಡಿ. ಹೆಸರುಕಾಳು, ಹುರುಳಿ ಸಾರು, ಮೊಟ್ಟೆ, ತಿನ್ನುವವರಾದರೆ ಬೂತಾಯಿ ಮೀನು. ಒಂದೇ ಸಲ ಬಟ್ಟಲು ತುಂಬಾ ಬಡಿಸಿದರೆ ಅವರಿಗೆ ವಾಕರಿಕೆ ಬರುತ್ತದೆ, ಸ್ವಲ್ಪ ಸ್ವಲ್ಪ ಐದಾರು ಸಲ ಕೊಡಿ. ಹಾಗಲಕಾಯಿ ಪಲ್ಯ ಮಾಡಿ, ಬೇಡ ಎನ್ನುವುದಿಲ್ಲ. ಖಾಲಿ ಹೊಟ್ಟೆಗೆ ಲೋಟಗಟ್ಟಲೆ ರಸ ಬೇಡ. ಉಣ್ಣದೆ ಕುಡಿಯುವವರಿಗೆ ಮೊದಲೇ ಸಕ್ಕರೆ ಇಳಿಯುವ ಅಪಾಯ ಇರುತ್ತದೆ.

ಬಿಟ್ಟ ಮೇಲೆ ಸಂಜೆ ಕೆಲಸ ಬಿಟ್ಟು ಬರುವ ಹೊತ್ತು ಕಷ್ಟದ್ದು. ಹಸಿವು, ಸುಸ್ತು, ಕುಡಿಯುವ ಆಸೆ ಮೂರೂ ಒಟ್ಟಿಗೇ ಬರುತ್ತವೆ. ಯಾವುದು ಯಾವುದೆಂದು ಅವರಿಗೇ ತಿಳಿಯುವುದಿಲ್ಲ. ಪೇಟೆಗೆ ಇಳಿಯುವ ಮೊದಲೇ ಅವಲಕ್ಕಿ, ಬಾಳೆಹಣ್ಣು ಹೊಟ್ಟೆಗೆ ಬೀಳಲಿ. ಆಸೆ ಕಡಿಮೆ ಮಾಡಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಎಂಬ ಮಾತ್ರೆಗಳಿವೆ. ಲಿವರ್ ಪರೀಕ್ಷೆ ನೋಡಿ ಯಾವುದೆಂದು ವೈದ್ಯರು ಹೇಳುತ್ತಾರೆ. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಸಹಾಯವಾಣಿ 14405, ಜಿಲ್ಲೆಗೊಂದು ಚಿಕಿತ್ಸಾ ಕೇಂದ್ರವೂ ಇದೆ. ಮಲಯಾಳ ಸರಿ ಬಾರದಿದ್ದರೆ ಕೇಂದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮಾಡಿ, ಅಲ್ಲಿ ಭಾಷೆ ಆರಿಸಬಹುದು. ಗಂಡ ಒಪ್ಪದಿದ್ದರೂ ನೀವೇ ಕರೆ ಮಾಡಿ ಕೇಳಬಹುದು.

ಪ್ರಶ್ನೆ: ವಯಸ್ಸು 41. ಎಲೆಯಡಿಕೆಗೆ ಹೊಗೆಸೊಪ್ಪು ಹಾಕುವುದನ್ನು ಬಿಟ್ಟಿದ್ದೇನೆ. ಬರೀ ಅಡಿಕೆ ಪರವಾಗಿಲ್ಲ ಅಲ್ವಾ?

ಉತ್ತರ: ಹೊಗೆಸೊಪ್ಪು ಬಿಟ್ಟದ್ದು ಸಣ್ಣ ಕೆಲಸ ಅಲ್ಲ, ಶಾಭಾಸ್. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಮ್ಮ ಊರಿನ ಅರ್ಧ ಮನೆಗಳ ಅನ್ನ ಅಡಿಕೆಯಿಂದಲೇ ಬರುವಾಗ ಇದನ್ನು ಬರೆಯಲು ನನಗೂ ಮುಜುಗರ, ನನ್ನ ಅಪ್ಪನ ಮನೆಯಲ್ಲೂ ತೋಟವೇ. ಜಗಿಯುವ ಚಟಕ್ಕೆ ಬಡೇಸೊಪ್ಪು, ಒಣಗಿಸಿದ ನೆಲ್ಲಿಕಾಯಿ ಚೂರು ಬಾಯಲ್ಲಿಡಿ. ಆಸೆ ಏಳುವುದು ಕೆಲವೇ ನಿಮಿಷ, ಬಾಯಿಗೆ ಏನಾದರೂ ಸಿಕ್ಕಿದರೆ ದಾಟುತ್ತದೆ. ಈಗಲೇ ಒಂದು ಕೆಲಸ ಮಾಡಿ: ನಿಮ್ಮ ಮೂರು ಬೆರಳು ಜೋಡಿಸಿ, ಒಂದರ ಮೇಲೊಂದು ಬರುವ ಹಾಗೆ ನೆಟ್ಟಗೆ ಹಿಡಿದರೆ ಬಾಯೊಳಗೆ ಹೋಗುತ್ತದಾ ನೋಡಿ. ಹೋಗದಿದ್ದರೆ, ಅಥವಾ ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ಈ ವಾರವೇ ಹಲ್ಲಿನ ಡಾಕ್ಟರಿಗೆ ತೋರಿಸಿ.